ಕನ್ನಡಕ ತಂದಿಲ್ವಾ?

ಈ ಸೋಮವಾರ ಅಮ್ಮನ ಜೊತೆ ತಿಪಟೂರಿನ ಒಂದು ಬ್ಯಾಂಕಿಗೆ ಹೋಗಿದ್ದೆ. ಅವಳ ಖಾತೆಗೆ ಮತ್ತೆ ಕೆವೈಸಿ ಆಗಬೇಕಂತೆ. ಹಿಂದೆ ಕೊಟ್ಟ ಆಧಾರ್ ಜೆರಾಕ್ಸ್ ಎಲ್ಲಿ ಹೋಯಿತು ಅಂತ ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಟೋಕನ್ ತಗೊಂಡು ಸುಮ್ನೆ ಕೂತೆವು. ಅಲ್ಲಿ ಕೇಳಿಸಿಕೊಂಡ ಒಂದು ಮಾತು ವಾರವಿಡೀ ನನ್ನನ್ನು ಬಿಟ್ಟಿಲ್ಲ.

ಅವತ್ತು ಗೃಹಲಕ್ಷ್ಮಿ ದುಡ್ಡು ಬಂದಿದೆ ಅನ್ನುವ ಸುದ್ದಿ ಹಬ್ಬಿತ್ತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಈ ಯೋಜನೆ ಶುರುವಾದ ಮೇಲೆ ನಮ್ಮ ಕಡೆ ಬ್ಯಾಂಕುಗಳ ಚಹರೆಯೇ ಬದಲಾಗಿದೆ. ತಿಂಗಳಿಗೆ 2000 ರೂಪಾಯಿ, ಮನೆಯ ಯಜಮಾನಿಯ ಖಾತೆಗೇ ನೇರವಾಗಿ. ನಾನು ಚಿಕ್ಕವಳಿದ್ದಾಗ ಬ್ಯಾಂಕಿನಲ್ಲಿ ಕಾಣುತ್ತಿದ್ದವರು ಕೊಬ್ಬರಿ ವ್ಯಾಪಾರದವರು, ಮೇಷ್ಟ್ರುಗಳು, ಪೆನ್ಷನ್ನಿನವರು. ಈಗ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಲೌಸಿನೊಳಗೆ ಸಿಕ್ಕಿಸಿಕೊಂಡು ಬರುವ ಹೆಂಗಸರೇ ಜಾಸ್ತಿ. ಬಸ್ಸಿಗೂ ದುಡ್ಡು ಕೊಡಬೇಕಾಗಿಲ್ಲ, 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ. ಹಾಗಾಗಿ ದುಡ್ಡು ಬಂದಿದೆಯೋ ಇಲ್ಲವೋ ಅಂತ ಕೇಳಿಕೊಂಡು ಹೋಗುವುದಕ್ಕೇ ಒಂದು ಸುತ್ತು ಬರುತ್ತಾರೆ. ಕೆಲವರು ಇದನ್ನು ಕಂಡು ಮೂಗು ಮುರಿಯುತ್ತಾರೆ. ಅಂಥವರ ಜೊತೆ ನನಗೆ ಮಾತಿಲ್ಲ.

ದುಡ್ಡು ಖಾತೆಗೆ ಬಂದು ಬೀಳುವುದು ಒಂದು ಕೆಲಸ. ಖಾತೆಯಿಂದ ಕೈಗೆ ಬರುವುದು ಇನ್ನೊಂದು. ಅದಕ್ಕೆ ಚೀಟಿ ಬರೆಯಬೇಕು. ಚೀಟಿ ಮೂರು ಭಾಷೆಯಲ್ಲಿ ಅಚ್ಚಾಗಿರುತ್ತದೆ, ನಿಜ. ಮೂರರಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರ. ತಾರೀಕಿಗೆ ಒಂದು ಸಾಲು ಚೌಕ, ಖಾತೆ ನಂಬರಿಗೆ ಉದ್ದಕ್ಕೆ ಇನ್ನೊಂದು ಸಾಲು. ಮೊತ್ತ ಅಂಕಿಯಲ್ಲಿ ಒಂದು ಸಲ, ಅಕ್ಷರದಲ್ಲಿ ಇನ್ನೊಂದು ಸಲ. ದಾರ ಕಟ್ಟಿದ ಪೆನ್ನು ಇದೆ, ಅದರೊಳಗೆ ರೀಫಿಲ್ ಇಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಓದುಬರಹ ಬಲ್ಲವರು ಶೇಕಡ 68.08. ಕೇಳಿದರೆ ಪರವಾಗಿಲ್ಲ ಅನ್ನಿಸುತ್ತದೆ. ಉಳಿದವರು ಎಲ್ಲಿದ್ದಾರೆ ಅಂತ ತಿಳಿಯಬೇಕಿದ್ದರೆ ಸೋಮವಾರ ಬೆಳಿಗ್ಗೆ ಸಣ್ಣ ಊರಿನ ಯಾವುದಾದರೂ ಬ್ಯಾಂಕಿಗೆ ಹೋಗಿ ಕೂರಬೇಕು. ಖಾಲಿ ಚೀಟಿ ಹಿಡಿದು, ಯಾರನ್ನು ಕೇಳಿದರೆ ಬೈಸಿಕೊಳ್ಳದೆ ಕೆಲಸ ಆಗಬಹುದು ಅಂತ ಎಲ್ಲರ ಮುಖ ನೋಡುತ್ತಾ ನಿಂತಿರುತ್ತಾರೆ.

ಕಿಟಕಿ ಪಕ್ಕದ ಮೇಜಿನ ಹತ್ತಿರ ಒಬ್ಬರು ಕೂತಿದ್ದರು. ಎಪ್ಪತ್ತು ದಾಟಿದ ಹಾಗಿತ್ತು. ಬಿಳಿ ಅಂಗಿ, ಜೇಬಿನಲ್ಲಿ ನಾಲ್ಕಾರು ಪೆನ್ನು, ಪಕ್ಕದಲ್ಲಿ ಬಟ್ಟೆ ಚೀಲ. ಬ್ಯಾಂಕಿನವರು ಅಂದುಕೊಂಡೆ, ಅಲ್ಲ. ಎಲ್ಲರೂ ‘ಮೇಷ್ಟ್ರೇ’ ಅನ್ನುತ್ತಿದ್ದರು, ಮೇಷ್ಟ್ರೂ ಅಲ್ಲ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರಂತೆ. ಅಮ್ಮನಿಗೆ ಅವರ ವಂಶಾವಳಿಯೆಲ್ಲ ಗೊತ್ತು.

ವಯಸ್ಸಾದ ಹೆಂಗಸೊಬ್ಬರು ಚೀಟಿ ಹಿಡಿದು ಅವರ ಮೇಜಿನಿಂದ ಸ್ವಲ್ಪ ದೂರ ನಿಂತರು. ಹತ್ತಿರ ಹೋಗಲಿಲ್ಲ, ಕೇಳಲೂ ಇಲ್ಲ. ಅವರೇ ತಲೆ ಎತ್ತಿದರು.

“ಕನ್ನಡಕ ತಂದಿಲ್ವಾ?”

“ಇಲ್ಲ ಸ್ವಾಮಿ. ಮರ್ತು ಬಂದ್ಬಿಟ್ಟೆ.”

“ಕೊಡಿ ಇಲ್ಲಿ.”

ಅಷ್ಟೇ ಮಾತು. ಆ ಅಮ್ಮನ ಮೂಗಿನ ಮೇಲೆ ಕನ್ನಡಕ ಕೂತ ಗುರುತೇ ಇರಲಿಲ್ಲ. ಬರೆದು ಮುಗಿಸಿದ ಮೇಲೆ ಅವರು ಪೆನ್ನನ್ನು ಆಕೆಯ ಕಡೆ ತಿರುಗಿಸಿ ಮೇಜಿನ ಮೇಲಿಟ್ಟರು. ಸೈನಾ, ಹೆಬ್ಬೆಟ್ಟಾ ಅಂತ ಬಾಯಿ ಬಿಟ್ಟು ಕೇಳಲಿಲ್ಲ. ಆಕೆ ಪೆನ್ನು ಮುಟ್ಟಲಿಲ್ಲ. “ಹಾಗಾದ್ರೆ ಕೌಂಟರಿನ ಹುಡುಗನ ಮುಂದೇನೇ ಒತ್ತಿ” ಅಂದು ಚೀಲದಿಂದ ಹಳೇ ಬಟ್ಟೆಯ ತುಂಡೊಂದನ್ನು ತೆಗೆದು ಕೊಟ್ಟರು, ಬೆರಳಿನ ಇಂಕು ಒರೆಸಿಕೊಳ್ಳಲು. ಬಟ್ಟೆ ಇಲ್ಲದಿದ್ದರೆ ಜನ ತಲೆಗೂದಲಿಗೆ ಒರೆಸಿಕೊಳ್ಳುತ್ತಾರೆ, ಇಲ್ಲವೇ ಕಂಬಕ್ಕೆ. ಕೌಂಟರಿನ ಪಕ್ಕದ ಕಂಬ ಸೊಂಟದೆತ್ತರದಲ್ಲಿ ಸುತ್ತಲೂ ನೀಲಿಯಾಗಿತ್ತು.

ನಾನು ಗಮನವಿಟ್ಟು ನೋಡತೊಡಗಿದೆ. ಚೀಟಿ ಹಿಡಿದು ಹತ್ತಿರ ಸುಳಿದವರಿಗೆಲ್ಲ ಅದೇ ಪ್ರಶ್ನೆ. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹುಡುಗನೊಬ್ಬ ಬಂದ, ಖಾಕಿ ಅಂಗಿ ಹಾಕಿದ್ದ, ಆಟೋದವನಿರಬೇಕು. ಅವನಿಗೂ “ಕನ್ನಡಕ ತಂದಿಲ್ವಾ?” ಅವನೂ “ಹೂಂ ಸಾರ್, ಮನೇಲೇ ಉಳ್ಕೊಳ್ತು” ಅಂದ. ಯಾರೂ ನಗಲಿಲ್ಲ. ಸಾಲಿನಲ್ಲಿದ್ದವರಿಗೆಲ್ಲ ಅದು ಏನು ಅಂತ ಗೊತ್ತಿತ್ತು ಅನ್ನಿಸುತ್ತದೆ.

ಅದೇ ಜಾಗದಲ್ಲಿ “ಓದೋಕೆ ಬರಲ್ವಾ?” ಅಂತ ಕೇಳಿದ್ದರೆ? ಅದೂ ಸಹಾಯವೇ. ಚೀಟಿ ಬರೆದು ಕೊಡುವುದು ಅಷ್ಟೇ ಕೆಲಸ, ಬರುವ ದುಡ್ಡು ಅಷ್ಟೇ. ಆದರೆ ತುಂಬಿದ ಹಾಲಿನಲ್ಲಿ ನಾಲ್ಕು ತಲೆ ಈ ಕಡೆ ತಿರುಗುತ್ತಿದ್ದವು, ಆ ಅಮ್ಮ ಮುಂದಿನ ತಿಂಗಳು ಮೊಮ್ಮಗನನ್ನು ಶಾಲೆ ಬಿಡಿಸಿ ಕರೆದುಕೊಂಡು ಬರುತ್ತಿದ್ದರು. ನಮ್ಮಲ್ಲಿ ಬಹಳಷ್ಟು ಜನ ಸಹಾಯ ಮಾಡುವಾಗ ಮೊದಲು ಎದುರಿನವರ ಬಾಯಿಂದ “ನನ್ನ ಕೈಲಿ ಆಗಲ್ಲ” ಅಂತ ಹೇಳಿಸಿಬಿಡುತ್ತೇವೆ. ಆಮೇಲೆ ಕೈ ಚಾಚುತ್ತೇವೆ. ಇವರು ಆ ಮಾತು ಹೇಳಿಸಲೇ ಇಲ್ಲ. ಹೇಳದೆ ಇರುವುದಕ್ಕೆ ಒಂದು ನೆಪವನ್ನೂ ತಾವೇ ಕೊಟ್ಟರು.

ಹಾಗಂತ ಮನುಷ್ಯ ಬಹಳ ಮೃದು ಅಂದುಕೊಳ್ಳಬೇಡಿ. ಒಂದು ನಗು ಇಲ್ಲ. ಒಬ್ಬಾಕೆಗೆ “ಪಾಸ್‌ಬುಕ್ ಹೀಗೆ ನಾಲ್ಕು ಮಡಿಕೆ ಮಡಚ್ತಾರೇನ್ರೀ? ಮಿಷನ್ ತಗೊಳಲ್ಲ, ಆಮೇಲೆ ಬ್ಯಾಂಕಿನವ್ರನ್ನ ಬೈತೀರ” ಅಂತ ಗದರಿದರು. ಇನ್ನೊಬ್ಬಾಕೆ ಕಾಫಿಗೆ ಅಂತ ಹತ್ತು ರೂಪಾಯಿ ಇಡಲು ಹೋದಾಗ ಕಣ್ಣು ಬಿಟ್ಟ ರೀತಿ ನೋಡಬೇಕಿತ್ತು. ನನಗೆ ಇದು ಇಷ್ಟವಾಯಿತು. ಸಿಹಿ ಮಾತಿನ ಉಪಕಾರಿಗಳನ್ನು ಕಂಡರೆ ನನಗೆ ಸ್ವಲ್ಪ ಭಯ. ನಮ್ಮ ನೆಂಟರ ಹುಡುಗನೊಬ್ಬ ಇದ್ದಾನೆ, ರಸ್ತೆ ಬದಿಯ ಮುದುಕರಿಗೆ ಬಿರಿಯಾನಿ ಪೊಟ್ಟಣ ಕೊಟ್ಟು ರೀಲ್ಸ್ ಹಾಕುತ್ತಾನೆ. ಪೊಟ್ಟಣ ತಗೊಳ್ಳುವಾಗ ಮುಖ ಕ್ಯಾಮೆರಾ ಕಡೆ ಇರಬೇಕು. ಊಟ ಹೊಟ್ಟೆಗೆ ಹೋಗುತ್ತದೆ, ಇಲ್ಲ ಅನ್ನಲ್ಲ. ಆದರೆ ಆ ಮುಖಗಳನ್ನು ನೋಡಿದಾಗ ಇವನೇ ಅವರಿಗೆ ಬಾಕಿ ಇದ್ದಾನೆ ಅನ್ನಿಸುತ್ತದೆ.

ಇನ್ನೊಂದು ತಮಾಷೆ. ಅವರು ಕೂತಿದ್ದ ಜಾಗದ ಹಿಂದೆ ಗೋಡೆಗೆ ಒಂದು ನೋಟಿಸು ಅಂಟಿಸಿತ್ತು. ಅಪರಿಚಿತರಿಂದ ಸಹಾಯ ಪಡೆಯಬೇಡಿ, ಪಿನ್, ಓಟಿಪಿ ಯಾರಿಗೂ ಹೇಳಬೇಡಿ. ಸರಿಯಾದ ಮಾತೇ. ಎಟಿಎಂನಲ್ಲಿ “ನಾನು ತೆಗೆದುಕೊಡ್ತೀನಿ ಬನ್ನಿ” ಅಂತ ಕಾರ್ಡ್ ಅದಲು ಬದಲು ಮಾಡಿಕೊಂಡು ಹೋಗುವವರು ಇದ್ದಾರಲ್ಲ. ಈಗಿನ ಕಾಲದಲ್ಲಿ ಗುರುತಿಲ್ಲದವರಿಗೆ ಉಪಕಾರ ಮಾಡಲು ಹೊರಟವರಿಗೆ ಇದೇ ದೊಡ್ಡ ತೊಡಕು. ನಮ್ಮ ಒಳ್ಳೆತನ ನಮಗೆ ಗೊತ್ತು, ಎದುರಿನವರಿಗೆ ಹೇಗೆ ಗೊತ್ತಾಗಬೇಕು? ಅವರು ನಮ್ಮನ್ನು ಅನುಮಾನಿಸಿದರೆ ತಪ್ಪೇನು? ಬೇಜಾರು ಮಾಡಿಕೊಳ್ಳುವ ಹಕ್ಕು ನಮಗಿಲ್ಲ.

ಇವರು ಅದಕ್ಕೂ ದಾರಿ ಮಾಡಿಕೊಂಡಿದ್ದರು. ಕಾರ್ಡು ಮುಟ್ಟುವುದಿಲ್ಲ. ಯಾರಾದರೂ ಫೋನ್ ಮುಂದೆ ಹಿಡಿದು “ಇದ್ರಲ್ಲೇನೋ ನಂಬರ್ ಬಂದಿದೆ ನೋಡಿ” ಅಂದರೆ ಮುಖ ಆ ಕಡೆ ತಿರುಗಿಸಿಬಿಡುತ್ತಾರೆ. ಬರೆದದ್ದನ್ನು ತಗ್ಗಿದ ದನಿಯಲ್ಲಿ ಓದಿ ಹೇಳುತ್ತಾರೆ: “ಎರಡು ಸಾವಿರ ಬರ್ದಿದೀನಿ. ಎರಡು ಸಾವಿರಾನೇ ಎಣಿಸ್ಕೊಳ್ಳಿ.” ಆ ಅಮ್ಮ ದುಡ್ಡು ತಗೊಂಡು ಬಂದು “ಸರಿ ಇದ್ಯಾ ನೋಡಿ ಸ್ವಾಮಿ” ಅಂತ ನೋಟು ಚಾಚಿದಾಗ ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಸ್ಕೂಲಿನಲ್ಲಿ ಮಕ್ಕಳನ್ನು ನಿಲ್ಲಿಸುತ್ತಾರಲ್ಲ, ಹಾಗೆ. “ನೀವೇ ಎಣಿಸಿ, ನಾನು ನೋಡ್ತೀನಿ.” ಆಕೆ ಒಂದೊಂದೇ ನೋಟು ಎಣಿಸಿದರು. ಇವರು ಕಣ್ಣಲ್ಲೇ ಎಣಿಸಿ ತಲೆಯಾಡಿಸಿದರು. ಪಾಸ್‌ಬುಕ್ಕಿನ ರಟ್ಟಿನ ಒಳಗಡೆ ದಪ್ಪಕ್ಷರದಲ್ಲಿ 1930 ಅಂತ ಬರೆದು ಕೊಟ್ಟರು. ಸೈಬರ್ ವಂಚನೆಯಾದರೆ ತಕ್ಷಣ ಕರೆ ಮಾಡುವ ನಂಬರು ಅದು. “ಯಾರಾದ್ರೂ ಮೋಸ ಮಾಡಿದ್ರೆ ಇದಕ್ಕೆ ಫೋನ್ ಹಾಕ್ಸಿ. ನಾನು ಮಾಡಿದ್ರೂನೂ.”

ಕೌಂಟರಿನ ಹುಡುಗ ಹೊರರಾಜ್ಯದವನು. ಪಾಪ, ಕನ್ನಡ ಕಲಿಯುತ್ತಿದ್ದಾನೆ. ಸದ್ಯಕ್ಕೆ “ಅಮ್ಮ, ನಾಳೆ ಬನ್ನಿ” ಅನ್ನುವುದನ್ನು ಮಾತ್ರ ಬಹಳ ಚೆನ್ನಾಗಿ ಕಲಿತಿದ್ದಾನೆ. ಅವನಿಗೆ ಮೇಷ್ಟ್ರು ಕಂಡರೆ ಪ್ರೀತಿ, ತನ್ನ ಅರ್ಧ ಕೆಲಸ ಅವರು ಮಾಡುತ್ತಾರಲ್ಲ. ನಮ್ಮ ಪಕ್ಕ ಕೂತಿದ್ದ ಗರಿಗರಿ ಇಸ್ತ್ರಿಯವರೊಬ್ಬರಿಗೆ ಮಾತ್ರ ಸಮಾಧಾನ ಇರಲಿಲ್ಲ. “ಸುಮ್ನೆ ಯಾರು ಮಾಡ್ತಾರೆ ಹೇಳಿ, ಏನಾದ್ರೂ ಕಮಿಷನ್ ಇರುತ್ತೆ” ಅಂತ ನನ್ನ ಕಿವಿಗೆ ಹಾಕಿದರು. ಹತ್ತು ರೂಪಾಯಿ ವಾಪಸ್ ಹೋದದ್ದನ್ನು ಅವರೂ ನೋಡಿದ್ದರು. ಕೆಲವರಿಗೆ ಕಣ್ಣಾರೆ ಕಂಡದ್ದೂ ಸಾಕಾಗುವುದಿಲ್ಲ.

ಅಮ್ಮನ ಆಕ್ಷೇಪ ಬೇರೆ. ಹೊರಗೆ ಬಂದ ಮೇಲೆ ಎಳನೀರು ಕುಡಿಯುತ್ತಾ ಹೇಳಿದಳು: “ಮನೇಲಿ ಸ್ವಂತ ತಮ್ಮನ ಜೊತೆ ಮಾತಿಲ್ಲ. ಆಸ್ತಿ ವಿಷಯ. ಇಲ್ಲಿ ಬಂದು ಊರಿಗೆಲ್ಲ ಉಪಕಾರ.” ನನಗೆ ಅವರ ಬಗ್ಗೆ ಮೂಡಿದ್ದ ಗೌರವ ಇದರಿಂದ ಕಡಿಮೆಯಾಗಲಿಲ್ಲ. ವಿಚಿತ್ರ ಅಂದರೆ, ಇನ್ನೂ ಅರ್ಥವಾದ ಹಾಗೆ ಅನ್ನಿಸಿತು.

ಗುರುತಿಲ್ಲದವರಿಗೆ ಒಳ್ಳೆಯದು ಮಾಡುವುದು ಮನೆಯವರಿಗೆ ಮಾಡುವುದಕ್ಕಿಂತ ಸುಲಭ, ಅಲ್ವಾ? ಮನೆಯವರ ಜೊತೆ ಹಳೇ ಬಾಕಿ ಇರುತ್ತದೆ. ನಮ್ಮ ಮದುವೆಗಳಲ್ಲಿ ಮುಯ್ಯಿ ಬರೆಯಲು ಒಬ್ಬರು ನೋಟ್‌ಬುಕ್ ಹಿಡಿದು ಕೂರುವುದಿಲ್ಲವೇ? ಯಾರು ಎಷ್ಟು ಹಾಕಿದರು, ಅವರ ಮನೆ ಮದುವೆಗೆ ನಾವು ಎಷ್ಟು ಹಾಕಬೇಕು. ಆ ಪುಸ್ತಕವನ್ನು ಅಮ್ಮ ಇನ್ನೂ ಬೀರುವಿನಲ್ಲಿ ಒಡವೆಯ ಪಕ್ಕದಲ್ಲೇ ಇಟ್ಟಿದ್ದಾಳೆ. ಅದು ಕೆಟ್ಟದ್ದು ಅಂತ ನಾನು ಹೇಳಲ್ಲ, ಬಂಧುಬಳಗ ಉಳಿದಿರುವುದೇ ಅದರಿಂದ. ಆದರೆ ಜೀವನವಿಡೀ ಮಂಡಿಯಲ್ಲಿ ಕೂತು ಯಾರು ಯಾರಿಗೆ ಎಷ್ಟು ಕೊಡಬೇಕು ಅಂತ ಬರೆದ ಮನುಷ್ಯನಿಗೆ, ಹಿಂದೆ ಬಾಕಿ ಇಲ್ಲದ, ಮುಂದೆ ವಸೂಲಿ ಇಲ್ಲದ ಒಂದು ಕೆಲಸ ಬೇಕು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಇದೆಲ್ಲ ನನ್ನ ಊಹೆ. ಅವರನ್ನೇ ಕೇಳಿದಾಗ ಸಿಕ್ಕಿದ ಉತ್ತರ ಇಷ್ಟೇ:

“ದಿನಾ ಬರ್ತೀರಾ ಸಾರ್?”

“ದಿನಾ ಯಾಕೆ? ಸೋಮವಾರ, ಗುರುವಾರ. ಹತ್ತೂವರೆಯಿಂದ ಒಂದು ಗಂಟೆ.”

“ಏನು ಪ್ರೇರಣೆ?”

“ಪ್ರೇರಣೆ ಏನು ಬಂತು? ಮನೇಲಿ ಕೂತು ಪೇಪರ್ ಎಷ್ಟು ಹೊತ್ತು ಓದ್ಲಿ?”

“ಆ ಅಮ್ಮನಿಗೆ ನಿಜವಾಗ್ಲೂ ಕನ್ನಡಕ ಇದ್ಯಾ?”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಿಮಗ್ಯಾಕಮ್ಮ ಅದು?”

ಸೋಮವಾರ, ಗುರುವಾರ. ನನಗೆ ಇದೇ ಮುಖ್ಯ ಅನ್ನಿಸುತ್ತಿದೆ. ಉಪಕಾರಕ್ಕೆ ವಾರ, ಗಂಟೆ ಅಂತ ಇರುವುದು ಕೇಳಿದರೆ ಒಣಒಣ ಅನ್ನಿಸುತ್ತದೆ. ಮನಸ್ಸು ಕರಗಿದಾಗ ಮಾಡುವುದೇ ನಿಜವಾದ ಕರುಣೆ ಅಂತ ನಾವೆಲ್ಲ ನಂಬಿದ್ದೇವೆ. ಆದರೆ ನನ್ನ ಮನಸ್ಸು ಕರಗುವ ದಿನ ಆ ಅಮ್ಮನ ದುಡ್ಡು ಬರಬೇಕಲ್ಲ? ನಮ್ಮ ಹಿಂದಿನವರಿಗೆ ಇದು ಚೆನ್ನಾಗಿ ತಿಳಿದಿತ್ತು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗಳಿಗೆ ಅಂತಲೇ ಭೂಮಿ ಬಿಟ್ಟುಕೊಟ್ಟದ್ದು ಹಳೆಯ ಶಾಸನಗಳಲ್ಲಿದೆ. ನೀರು ಹೊತ್ತು ತಂದು ತುಂಬಿಸುವವನ ಮನಸ್ಸು ಇವತ್ತು ಹೇಗಿದೆ ಅನ್ನುವುದರ ಮೇಲೆ ದಾರಿಹೋಕನ ಗಂಟಲು ನಿಲ್ಲಬಾರದು ಅಂತ ಯಾರೋ ಯೋಚಿಸಿದ್ದಾರೆ. ಕುಡಿಯುವವನೂ ನೀರು ಕುಡಿದು ಬಾಯಿ ಒರೆಸಿಕೊಂಡು ಹೋಗುತ್ತಾನೆ, ಕೈ ಮುಗಿದು ನಿಲ್ಲಬೇಕಾಗಿಲ್ಲ. ನಾಳೆಯೂ ಅಲ್ಲಿ ನೀರು ಇರುತ್ತದೆ ಅಂತ ಅವನಿಗೆ ಗೊತ್ತು. ಬ್ಯಾಂಕಿನಲ್ಲಿ ಆ ಹೆಂಗಸರು ಚೀಟಿ ಕೊಟ್ಟದ್ದೂ ಹಾಗೇ. ಅವರ ಗದರಿಕೆಗೂ ತಲೆ ಕೆಡಿಸಿಕೊಳ್ಳದೆ, ಇದು ತಮಗೆ ಸಲ್ಲಬೇಕಾದದ್ದೇ ಅನ್ನುವ ಹಾಗೆ. “ಬೇಗ ಬರೀರಿ ಮೇಷ್ಟ್ರೇ, ಬಸ್ಸು ಹೋಗುತ್ತೆ” ಅಂತ ಒಬ್ಬಾಕೆ ಅವಸರ ಬೇರೆ ಮಾಡಿದರು. ಅದು ಕೇಳಿ ನನಗೆ ಬಹಳ ಖುಷಿಯಾಯಿತು.

ಬುಧವಾರ ಬೆಂಗಳೂರಿಗೆ ವಾಪಸ್ ಹೊರಟಾಗ ಬ್ಯಾಗಿನಲ್ಲಿ ಎರಡು ಪೆನ್ನು ಜಾಸ್ತಿ ಇಟ್ಟುಕೊಂಡಿದ್ದೆ. ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಅಜ್ಜಿಯೊಬ್ಬರು ದೊಡ್ಡ ಚೀಲ ಕಾಲ ಹತ್ತಿರ ಇಟ್ಟುಕೊಂಡು, ಬರುವ ಬಸ್ಸಿನ ಬೋರ್ಡನ್ನೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಹತ್ತಿರ ಹೋಗಿ, ಕಲಿತ ಪಾಠ ಒಪ್ಪಿಸಿದೆ.

“ಕನ್ನಡಕ ತಂದಿಲ್ವಾ ಅಜ್ಜಿ?”

“ನಂಗ್ಯಾಕವ್ವಾ ಕನ್ನಡಕ? ಕಣ್ಣು ಚೆನ್ನಾಗೇ ಕಾಣುತ್ತೆ. ಹುಳಿಯಾರು ಬಸ್ಸು ಅಲ್ಲಿ ತಿರುಗ್ತಾ ಐತೆ ನೋಡು. ಹಿಂಗೆ ನಿಂತ್ಕೊಂಡ್ರೆ ಸೀಟ್ ಸಿಗಲ್ಲ. ತಗೋ, ಓಡಿ ಹೋಗಿ ಕಿಟಕೀಲಿ ಈ ಟವೆಲ್ ಹಾಕು.”

ಹೆಗಲ ಮೇಲಿದ್ದ ಟವೆಲ್ ನನ್ನ ಕೈಗೆ ಬಂದಾಗಿತ್ತು. ಹೀಗೆ ಟವೆಲ್ ಹಾಕಿ ಸೀಟು ಹಿಡಿಯುವುದು ಮೊದಲು ಹತ್ತಿದವರಿಗೆ ಮಾಡುವ ಅನ್ಯಾಯ ಅಂತ ನಾನೇ ಎಷ್ಟೋ ಸಲ ಜಗಳ ಆಡಿದ್ದೇನೆ. ಓಡಿ ಹೋಗಿ ಹಾಕಿದೆ. ಒಳಗಿದ್ದ ಕಾಲೇಜು ಹುಡುಗಿಯೊಬ್ಬಳು ಅದನ್ನು ಎತ್ತಿ ಪಕ್ಕಕ್ಕೆ ಸರಿಸಲು ನೋಡಿದಳು.

“ಅಜ್ಜಿ ಬರ್ತಿದಾರಮ್ಮ” ಅಂದೆ.

“ನಿಮ್ಮ ಅಜ್ಜೀನಾ?”

“ಹೂಂ.”

ಅಷ್ಟರಲ್ಲಿ ಅಜ್ಜಿ ಚೀಲ ಸಮೇತ ಹತ್ತಿ ಬಂದು, ನನ್ನ ಕಡೆ ತಿರುಗಿಯೂ ನೋಡದೆ, ಆ ಹುಡುಗಿಗೆ “ಸರ್ಕೊಳ್ಳವ್ವಾ, ಇಬ್ರೂ ಕೂತ್ಕೋಬಹುದು” ಅಂದರು.