ಮರಳಿ ಬಂದ ಬೀಗದ ಕೈ

ವಿನಿಮಯ ಪ್ರವಾಸಕ್ಕೆಂದು ವಿದೇಶಕ್ಕೆ ಹೋಗಿದ್ದ ನಮ್ಮ ಪ್ರೌಢಶಾಲೆಯ ಮಕ್ಕಳು ಇಂದು ಬೆಳಗಿನ ಜಾವ ಮರಳಿದರು. ವಿಮಾನ ನಿಲ್ದಾಣದಲ್ಲಿ ಅಪ್ಪ ಅಮ್ಮನನ್ನು ಕಂಡೊಡನೆ ಓಡಿ ಬಂದ ಹುಡುಗಿಯೊಬ್ಬಳು, ಅಪ್ಪಿಕೊಂಡ ಮರುಕ್ಷಣವೇ ಜೇಬಿಗೆ ಕೈ ಹಾಕಿ ಗಾಬರಿಯಿಂದ ನಿಂತುಬಿಟ್ಟಳು. ಅವಳ ಅಂಗೈಯಲ್ಲಿ ಎರಡು ವಾರ ತನ್ನನ್ನು ಇರಿಸಿಕೊಂಡಿದ್ದ ಮನೆಯ ಬೀಗದ ಕೈ ಇತ್ತು: ನೀಲಿ ದಾರ ಕಟ್ಟಿದ, ಹಲ್ಲು ಸವೆದ ಪುಟ್ಟ ಕೀಲಿ.

“ಮೇಡಂ, ನಮ್ಮ ಮನೆ ಕೀ ವಾಪಸ್ ಕೊಡೋದನ್ನೇ ಮರೆತುಬಿಟ್ಟೆ.”

‘ನಮ್ಮ ಮನೆ’ ಎಂದದ್ದನ್ನು ಅವಳು ಗಮನಿಸಲಿಲ್ಲ. ಪಕ್ಕದಲ್ಲಿದ್ದ ತಾಯಿ ಗಮನಿಸಿದರು.

ಎರಡು ಮಹಾಯುದ್ಧಗಳಲ್ಲಿ ಎದುರಾಳಿಗಳಾಗಿದ್ದ ಫ್ರಾನ್ಸ್ ಮತ್ತು ಜರ್ಮನಿ, 1963ರಲ್ಲಿ ಸ್ನೇಹದ ಒಪ್ಪಂದ ಮಾಡಿಕೊಂಡ ವರ್ಷವೇ ಯುವಜನರ ವಿನಿಮಯಕ್ಕಾಗಿ ಜಂಟಿ ಕಚೇರಿಯೊಂದನ್ನು ತೆರೆದವು ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅದರ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಇಂದೇ ಇರಬೇಕು. ಗುರುತು ಪರಿಚಯವಿಲ್ಲದ ಒಂದು ಕುಟುಂಬ, ತಮ್ಮ ಭಾಷೆಯನ್ನು ತಡವರಿಸುತ್ತ ಮಾತನಾಡುವ 14 ವರ್ಷದ ಮಗುವನ್ನು ನಂಬಿ ಮನೆಯ ಕೀಲಿಯನ್ನೇ ಕೈಗಿತ್ತಿತ್ತು. ಮಕ್ಕಳು ನೋಡಿ ಬಂದ ಸ್ಮಾರಕಗಳಿಗಿಂತ ನನಗೆ ಇದೇ ದೊಡ್ಡದಾಗಿ ಕಂಡಿತು.

ಕೀಲಿಯನ್ನು ನಾಳೆ ಅಂಚೆಗೆ ಹಾಕುತ್ತೇವೆ. ಜೊತೆಗಿಡುವ ಪತ್ರವನ್ನು ತಾವೇ ಬರೆಯುವುದಾಗಿ ಆ ತಾಯಿ ಹೇಳಿದ್ದಾರೆ.