ಡಬ್ಬಿ ಕುಲುಕಿ ಉಳಿಸಿಕೊಂಡ ಕ್ಲಬ್ಬು

ಆ ಡಬ್ಬಿಯ ಮುಚ್ಚಳದಲ್ಲಿ ಒಂದು ಸೀಳು ಇತ್ತು. ಕಾಸು ಹಾಕುವುದಕ್ಕೆ ಚಾಕುವಿನಲ್ಲಿ ಕೊಯ್ದಿದ್ದು, ಅಂಚು ಒಳಕ್ಕೆ ಬಾಗಿ ತುಕ್ಕು ಹಿಡಿದಿತ್ತು. ಮೆಲ್ಬರ್ನ್‌ನ ಫುಟ್‌ಸ್ಕ್ರೇಯಲ್ಲಿ ನಾನು ಓದಲು ಹೋಗಿದ್ದಾಗ ಪಕ್ಕದ ಮನೆಯಲ್ಲಿದ್ದ ಅಜ್ಜಿ ಅದರಲ್ಲಿ ಟೀ ಬ್ಯಾಗ್ ಇಡುತ್ತಿದ್ದರು. ಹುಂಡಿ ತರ ಇದೆಯಲ್ಲ ಅಂತ ಕೇಳಿದೆ. ಹುಂಡಿಯೇ ಹೌದು ಅಂದರು. 1989ರಲ್ಲಿ ಅದನ್ನು ಹಿಡಿದುಕೊಂಡು ರೈಲ್ವೆ ಸ್ಟೇಷನ್ ಮುಂದೆ ನಿಂತು ಕುಲುಕಿದ್ದರಂತೆ, ತಮ್ಮ ಆಸ್ಟ್ರೇಲಿಯನ್ ಫುಟ್ಬಾಲ್ ಕ್ಲಬ್ ಉಳಿಸಿಕೊಳ್ಳುವುದಕ್ಕೆ.

ಆಗಿದ್ದು ಇಷ್ಟು. ಫುಟ್‌ಸ್ಕ್ರೇ ಕ್ಲಬ್ಬಿಗೆ ಸಾಲ ಜಾಸ್ತಿ ಆಗಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಲೀಗ್‌ನವರು ಇದನ್ನು ಫಿಟ್ಜ್‌ರಾಯ್ ಕ್ಲಬ್ಬಿನ ಜೊತೆ ಸೇರಿಸುವುದಾಗಿ ಹೇಳಿದರು. ಮೇಲಿನವರು ಮಾತಾಡಿ ಮುಗಿಸಿಯಾಗಿತ್ತು, ಊರಿನವರಿಗೆ ಗೊತ್ತಾಗಿದ್ದು ಆಮೇಲೆ. ಫುಟ್‌ಸ್ಕ್ರೇ ಅಂದರೆ ಕಾರ್ಖಾನೆ ಕೆಲಸದವರ ಏರಿಯಾ, ಹೊರದೇಶಗಳಿಂದ ಬಂದು ನೆಲೆಸಿದವರು ಜಾಸ್ತಿ, ಕೈಯಲ್ಲಿ ದುಡ್ಡು ಕಮ್ಮಿ. ಆದರೂ ಕೆಲವೇ ವಾರಗಳಲ್ಲಿ ಮನೆಮನೆ ತಿರುಗಿ, ರಸ್ತೆಯಲ್ಲಿ ಡಬ್ಬಿ ಹಿಡಿದು, ಕೋರ್ಟಿಗೂ ಹೋಗಿ, ಬೇಕಾದ ದುಡ್ಡು ಒಟ್ಟು ಮಾಡಿ ಕ್ಲಬ್ ಉಳಿಸಿಕೊಂಡರು. ಇವತ್ತು ಅದೇ ವೆಸ್ಟರ್ನ್ ಬುಲ್‌ಡಾಗ್ಸ್.

ನನಗೆ ಇದು ಹೊಸ ಕಥೆ ಅನಿಸಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಆಲೂರು ಕಡೆಯ ನಮ್ಮೂರಲ್ಲಿ, ಡೈರಿಗೆ ಹಾಲು ಕಮ್ಮಿ ಬೀಳುತ್ತಿದೆ, ಪಕ್ಕದೂರಿನದರ ಜೊತೆ ಸೇರಿಸಿಬಿಡೋಣ ಅನ್ನುವ ಮಾತು ಎದ್ದಿತ್ತು. ಅವತ್ತು ಬೆಳಿಗ್ಗೆ ಹಾಲು ಅಳೆದ ಮೇಲೂ ಹೆಂಗಸರು ಮನೆಗೆ ಹೋಗಲಿಲ್ಲ. ಖಾಲಿ ಕ್ಯಾನು, ಚೊಂಬು ಇಟ್ಟುಕೊಂಡು ಡೈರಿ ಮುಂದಿನ ಕಟ್ಟೆ ಮೇಲೆ ಕೂತರು. ಅಪ್ಪ ಹಾಲಿನ ಪಾಸ್‌ಬುಕ್ ಎತ್ತಿ ಹಿಡಿದು, "ಇದ್ರಲ್ಲಿ ನನ್ನ ಹೆಸರೈತೆ, ಶೇರು ಕಟ್ಟಿರೋನು ನಾನು. ನನ್ನ ಕೇಳ್ದೆ ಹೆಂಗ್ ಸೇರಿಸ್ತೀರಾ ಸ್ವಾಮಿ?" ಅಂದಿದ್ದರು. ಮಾತು ಅಲ್ಲಿಗೇ ನಿಂತಿತು. ಹಾಗಾಗಿ ನಾನು ಯಾವ ಕ್ಲಬ್ಬಿನವನು ಅನ್ನುವುದು ಆ ಅಜ್ಜಿಯ ಅಡುಗೆಮನೆಯಲ್ಲೇ ತೀರ್ಮಾನ ಆಗಿಹೋಯಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕ್ರಿಕೆಟ್ ಮೈದಾನದಲ್ಲೇ, ಅವರ ಚಳಿಗಾಲದಲ್ಲಿ ಆಡುತ್ತಾರೆ. ಒಂದು ಕಡೆಗೆ 18 ಜನ, ಚೆಂಡು ಮೊಟ್ಟೆ ಆಕಾರ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ 6 ಪಾಯಿಂಟ್, ಪಕ್ಕದ ಸಂದಿಯಲ್ಲಿ ಹೋದರೆ 1. ಆಫ್‌ಸೈಡ್ ಇಲ್ಲ. ದೂರದಿಂದ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲು ಹಿಡಿದರೆ ಅದು ಮಾರ್ಕ್, ಹಿಡಿದವನು ನಿಧಾನವಾಗಿ ಒದೆಯಬಹುದು. ಆ ಮಾರ್ಕಿಗಾಗಿ ಇನ್ನೊಬ್ಬನ ಹೆಗಲ ಮೇಲೆ ಮೊಣಕಾಲು ಊರಿ ಗಾಳಿಗೆ ಏಳುತ್ತಾರಲ್ಲ, ಅದನ್ನು ಒಂದು ಸಲ ನೋಡಿದವರು ಬಿಡುವುದು ಕಷ್ಟ. ಎಂಸಿಜಿ (ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್) ಅಂದರೆ ನಮಗೆ ಕ್ರಿಕೆಟ್. ಚಂದ್ರಶೇಖರ್ ಎರಡೂ ಇನಿಂಗ್ಸಿನಲ್ಲಿ 52 ರನ್ನಿಗೆ 6 ವಿಕೆಟ್ ಕಿತ್ತ, 1981ರಲ್ಲಿ ವಿಶ್ವನಾಥ್ 114 ಹೊಡೆದ ಮೈದಾನ. ಮೆಲ್ಬರ್ನ್‌ನವರಿಗೆ ಅದು ಫುಟ್ಬಾಲ್ ಮೈದಾನ. ಅಲ್ಲಿ ಮಧ್ಯಾಹ್ನ ಶುರುವಾಗುವ ಮ್ಯಾಚು ನಮಗೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ರಾತ್ರಿಯದು ಮಧ್ಯಾಹ್ನ ಮೂರು ಗಂಟೆಗೆ. ಮಳೆಗಾಲದ ಶನಿವಾರ ಹಾಸನದ ಮನೆಯಲ್ಲಿ ಕೂತು ನೋಡಲು ಇದಕ್ಕಿಂತ ಒಳ್ಳೇ ಟೈಮ್ ಇಲ್ಲ.

ಈ ಲೀಗು, ಅಂದರೆ ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್ಬಾಲ್ ಲೀಗ್), ಇದರ ಬಗ್ಗೆ ನನಗೆ ತುಂಬ ಇಷ್ಟವಾದದ್ದು ಕ್ಲಬ್ಬುಗಳ ಮಾಲೀಕತ್ವ. ಐಪಿಎಲ್ ತಂಡಕ್ಕೆ ಓನರ್ ಇರುತ್ತಾರೆ, ಕೈಬದಲಾದರೆ ಪೇಪರಿನಲ್ಲಿ ಓದಿ ತಿಳಿದುಕೊಳ್ಳುತ್ತೇವೆ. ಅಲ್ಲಿ ಮೆಲ್ಬರ್ನ್‌ನ ಹಳೇ ಕ್ಲಬ್ಬುಗಳಿಗೆ ಶ್ರೀಮಂತ ಓನರ್ ಅಂತ ಯಾರೂ ಇಲ್ಲ. ಚಂದಾ ಕಟ್ಟಿದ ಸದಸ್ಯರದ್ದೇ ಕ್ಲಬ್ಬು. ಮಹಾಸಭೆ ಇದೆ, ಓಟಿದೆ, ಆಡಳಿತ ಮಂಡಳಿಯನ್ನು ಇಳಿಸುವ ಹಕ್ಕಿದೆ. ನಮ್ಮ ಹಾಲಿನ ಸಂಘ ನಡೆಯುವ ಹಾಗೇ ಅಲ್ವಾ? ಕಾಲಿಂಗ್‌ವುಡ್ ಒಂದಕ್ಕೇ ಲಕ್ಷ ದಾಟಿದ ಸದಸ್ಯರು, 18 ಕ್ಲಬ್ಬಿನದು ಕೂಡಿದರೆ 12 ಲಕ್ಷಕ್ಕೂ ಜಾಸ್ತಿ. ಎಲ್ಲಾ ಕಡೆ ಹೀಗೇ ಇಲ್ಲ. ಪರ್ತ್‌ನ ಎರಡೂ ಕ್ಲಬ್ಬು ಆ ರಾಜ್ಯದ ಫುಟ್ಬಾಲ್ ಕಮಿಷನ್ ಕೈಯಲ್ಲಿವೆ. ಗೋಲ್ಡ್ ಕೋಸ್ಟ್ ಸನ್ಸ್, ಪಶ್ಚಿಮ ಸಿಡ್ನಿಯ ಜಿಡಬ್ಲ್ಯುಎಸ್ ಜೈಂಟ್ಸ್ ಎರಡನ್ನೂ ಲೀಗೇ ಹುಟ್ಟುಹಾಕಿ ಇಟ್ಟುಕೊಂಡಿದೆ.

ನನ್ನ ತಕರಾರು ಲೀಗ್ ನಡೆಸುವವರ ಮೇಲೆ. ಕ್ಲಬ್ಬುಗಳು ಸದಸ್ಯರದ್ದು ಅನ್ನುವುದನ್ನು ಅವರು ಬೇಕಾದಾಗ ನೆನಪಿಟ್ಟುಕೊಂಡು ಬೇಡವಾದಾಗ ಮರೆಯುತ್ತಾರೆ. 1982ರಲ್ಲಿ ಸೌತ್ ಮೆಲ್ಬರ್ನ್ ಕ್ಲಬ್ಬನ್ನು ಸಿಡ್ನಿಗೆ ಕಳಿಸಿದರು. 1996ರಲ್ಲಿ ಫಿಟ್ಜ್‌ರಾಯ್ ಹೋಯಿತು. 1897ರಲ್ಲಿ ಲೀಗ್ ಶುರು ಮಾಡಿದ ಎಂಟು ಕ್ಲಬ್ಬಿನಲ್ಲಿ ಒಂದು ಅದು, ಎಂಟು ಕಪ್ ಗೆದ್ದಿತ್ತು. ನೌರು ಅನ್ನುವ ಪುಟ್ಟ ದ್ವೀಪದ ಕಂಪನಿಯೊಂದರಿಂದ ತಂದ ಸಾಲ ತೀರಿಸಲಾಗದೆ ಆಡಳಿತ ಬೇರೆಯವರ ಕೈಗೆ ಹೋಗಿ, ಕೊನೆಗೆ ಬ್ರಿಸ್ಬೇನ್ ಜೊತೆ ಸೇರಿಸಿದರು. ಕೊನೇ ಪಂದ್ಯ ಸ್ವಂತ ಊರಲ್ಲೂ ಸಿಗಲಿಲ್ಲ. ಸೆಪ್ಟೆಂಬರ್ 1ರಂದು ಪರ್ತ್‌ನಲ್ಲಿ ಫ್ರೀಮ್ಯಾಂಟಲ್ ವಿರುದ್ಧ ಆಡಿ 86 ಪಾಯಿಂಟ್‌ನಿಂದ ಸೋತರು.

ಅದರಿಂದ ಒಳ್ಳೇದೇ ಆಯಿತಲ್ಲ ಅನ್ನುವವರು ತುಂಬ ಜನ. ಬ್ರಿಸ್ಬೇನ್ ಲಯನ್ಸ್ 2001, 2002, 2003ರಲ್ಲಿ ಸತತ ಕಪ್ ಗೆದ್ದಿತು, ಮತ್ತೆ 2024, 2025ರಲ್ಲೂ ಗೆದ್ದಿತು. 2024ರ ಫೈನಲ್ ನೋಡುವಾಗ ನನಗೆ ಹೊಟ್ಟೆಯೊಳಗೆ ಏನೋ ಆಗುತ್ತಿತ್ತು. ಎದುರಾಳಿ ಸಿಡ್ನಿ. ಅಂದರೆ ಊರು ಬಿಟ್ಟುಹೋದ ಎರಡು ಮೆಲ್ಬರ್ನ್ ಕ್ಲಬ್ಬು, ಒಂದು ಸೌತ್ ಮೆಲ್ಬರ್ನ್‌ನ ಕೆಂಪು-ಬಿಳಿ, ಇನ್ನೊಂದು ಎದೆ ಮೇಲೆ ಫಿಟ್ಜ್‌ರಾಯ್‌ನ ಸಿಂಹ, ತಮ್ಮದೇ ಹಳೇ ಊರಿನ ಮೈದಾನಕ್ಕೆ ನೆಂಟರ ಹಾಗೆ ಬಂದು ಆಡಿದವು. ಬ್ರಿಸ್ಬೇನ್ 60 ಪಾಯಿಂಟ್‌ನಿಂದ ಗೆದ್ದಿತು. ಬ್ರಿಸ್ಬೇನ್ ಹುಡುಗರ ಆಟಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಶನಿವಾರ ಊಟ ಮುಗಿಸಿ ನಡೆದುಕೊಂಡು ಮೈದಾನಕ್ಕೆ ಹೋಗುತ್ತಿದ್ದ ಫಿಟ್ಜ್‌ರಾಯ್ ಮನುಷ್ಯನಿಗೆ, ಅವನ ಕ್ಲಬ್ಬು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರದ ಊರಿನ ಹೆಸರಲ್ಲಿ ಕಪ್ ಎತ್ತಿತು ಅಂತ ಹೇಳಿದರೆ ಲೆಕ್ಕ ಚುಕ್ತಾ ಆಗುತ್ತದಾ? ನನ್ನ ಪ್ರಕಾರ ಇಲ್ಲ.

ಅದೇ 1996ರಲ್ಲಿ ಹಾಥಾರ್ನ್ ಕ್ಲಬ್ಬನ್ನು ಮೆಲ್ಬರ್ನ್ ಕ್ಲಬ್ ಜೊತೆ ಸೇರಿಸುವ ಮಾತಿತ್ತು. ಸದಸ್ಯರ ಓಟಿಗೆ ಹಾಕಿದರು. ಮೆಲ್ಬರ್ನ್‌ನವರು ಹೂಂ ಅಂದರು, ಹಾಥಾರ್ನ್‌ನವರು ಆಗಲ್ಲ ಅಂದರು. ಆಮೇಲೆ ಹಾಥಾರ್ನ್ 2008ರಲ್ಲಿ ಒಂದು, 2013ರಿಂದ 2015ರವರೆಗೆ ಸತತ ಮೂರು, ಒಟ್ಟು ನಾಲ್ಕು ಕಪ್ ಗೆದ್ದಿತು. ಹೂಂ ಅಂದಿದ್ದ ಮೆಲ್ಬರ್ನ್ ಕೂಡ 57 ವರ್ಷ ಕಾದು 2021ರಲ್ಲಿ ಗೆದ್ದಿತು. 2007ರಲ್ಲಿ ನಾರ್ತ್ ಮೆಲ್ಬರ್ನ್‌ಗೆ ಗೋಲ್ಡ್ ಕೋಸ್ಟ್‌ಗೆ ಹೋಗಿ ಅಂದಾಗ ಅವರೂ ಒಪ್ಪಲಿಲ್ಲ, ಇವತ್ತಿಗೂ ಅಲ್ಲೇ ಇದ್ದಾರೆ. ಈ ಕ್ಲಬ್ಬು ಉಳಿಯಲ್ಲ ಅಂತ ಆಫೀಸಿನಲ್ಲಿ ಕೂತು ಲೆಕ್ಕ ಹಾಕಿದವರ ಲೆಕ್ಕ ಎಷ್ಟು ಸಲ ತಪ್ಪಾಯಿತು ನೋಡಿ.

ಇನ್ನು ನಮ್ಮದು. 2016ರ ಅಕ್ಟೋಬರ್ 1. ಬುಲ್‌ಡಾಗ್ಸ್‌ಗೆ 1954ರ ನಂತರ ಕಪ್ ಇರಲಿಲ್ಲ, ಏಳು ಸಲ ಸೆಮಿಫೈನಲ್ ಹಂತದಲ್ಲೇ ಸೋತು ಬಂದಿದ್ದ ಕ್ಲಬ್ಬು. ಆ ವರ್ಷ 7ನೇ ಸ್ಥಾನದಲ್ಲಿ ಮುಗಿಸಿ, ಪರ್ತ್‌ಗೆ ಹೋಗಿ ವೆಸ್ಟ್ ಕೋಸ್ಟನ್ನು ಸೋಲಿಸಿ, ಆಮೇಲೆ ಹಾಥಾರ್ನನ್ನು ಮನೆಗೆ ಕಳಿಸಿ, ಸಿಡ್ನಿಯಲ್ಲಿ ಜೈಂಟ್ಸ್ ಮೇಲೆ ಬರೀ 6 ಪಾಯಿಂಟ್‌ನಲ್ಲಿ ಗೆದ್ದು ಫೈನಲ್‌ಗೆ ಬಂದಿದ್ದರು. ನಾನು ಅಜ್ಜಿ ಮನೆಯಲ್ಲೇ ನೋಡಿದೆ. ಅವರು ಟೀ ಬ್ಯಾಗನ್ನೆಲ್ಲಾ ಟೇಬಲ್ ಮೇಲೆ ಸುರಿದು, ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾಲ್ಕನೇ ಕ್ವಾರ್ಟರಿನಲ್ಲಿ ಒಂದು ಮಾತೂ ಇಲ್ಲ, ಬೆರಳು ಮಾತ್ರ ಆ ಸೀಳಿನ ಮೇಲೆ ಓಡಾಡುತ್ತಿತ್ತು. ಸಿಡ್ನಿಯನ್ನು 22 ಪಾಯಿಂಟ್‌ನಿಂದ ಸೋಲಿಸಿದರು. ಗಾಯವಾಗಿ ಆಡಲಾಗದೆ ಹೊರಗೆ ಕೂತಿದ್ದ ಕ್ಯಾಪ್ಟನ್ ಬಾಬ್ ಮರ್ಫಿಯನ್ನು ಕೋಚ್ ಲ್ಯೂಕ್ ಬೆವರಿಜ್ ವೇದಿಕೆಗೆ ಕರೆದು, ತನ್ನ ಕೊರಳಿನ ಮೆಡಲ್ ತೆಗೆದು ಅವನ ಕೊರಳಿಗೆ ಹಾಕಿದ. ಅಜ್ಜಿ ಅತ್ತರು. ನಾನೂ ಅತ್ತೆ. ಹೊರಗೆ ರಸ್ತೆ ತುಂಬ ಕಾರು ಹಾರ್ನು, ಯಾರ್ಯಾರೋ ಬಂದು ತಬ್ಬಿಕೊಳ್ಳುತ್ತಿದ್ದರು.

ಇಂಥ ಸಣ್ಣ ಕ್ಲಬ್ಬು ಗೆಲ್ಲಲು ಸಾಧ್ಯವಾಗಿದ್ದಕ್ಕೆ ಲೀಗಿನ ಪಾಲೂ ಇದೆ, ಅದನ್ನು ಒಪ್ಪಬೇಕು. 1980ರ ದಶಕದಲ್ಲೇ ಡ್ರಾಫ್ಟ್ ತಂದರು, ಕೊನೇ ಸ್ಥಾನದ ತಂಡಕ್ಕೆ ಒಳ್ಳೇ ಹುಡುಗನನ್ನು ಮೊದಲು ಆರಿಸುವ ಅವಕಾಶ. ಆಟಗಾರರ ಸಂಬಳಕ್ಕೆ ಮಿತಿ ಹಾಕಿದರು. ದುಡ್ಡಿದ್ದವನೇ ಎಲ್ಲಾ ಬಾಚಿಕೊಳ್ಳುವುದು ತಪ್ಪಿತು. ಇದು ದೊಡ್ಡ ಕೆಲಸ.

ಆದರೆ ಅಷ್ಟು ಮಾಡಿದವರು ಪಂದ್ಯಗಳ ಪಟ್ಟಿ ಹಾಕುವಾಗ ಯಾಕೆ ಹೀಗೆ? 18 ತಂಡ ಇವೆ, ಪ್ರತಿ ತಂಡಕ್ಕೆ 17 ಎದುರಾಳಿ, ಆಡುವುದು 23 ಪಂದ್ಯ. ಅಂದರೆ ಆರು ತಂಡದ ಜೊತೆ ಎರಡೆರಡು ಸಲ, ಉಳಿದ ಹನ್ನೊಂದರ ಜೊತೆ ಒಂದೇ ಸಲ. ಯಾರ ಜೊತೆ ಎರಡು ಸಲ ಅನ್ನುವುದನ್ನು ಹೋದ ವರ್ಷದ ಸ್ಥಾನ ನೋಡಿ ಹಂಚುತ್ತಾರೆ ನಿಜ, ಆದರೆ ಜನ ತುಂಬುವ ಜೋಡಿಗಳನ್ನು ಬಿಡುವುದಿಲ್ಲ. 2025ರಿಂದ 2031ರವರೆಗಿನ ಟಿವಿ ಹಕ್ಕು 450 ಕೋಟಿ ಡಾಲರ್. ಅಷ್ಟು ದುಡ್ಡು ಕೊಟ್ಟವರು ದೊಡ್ಡ ಮ್ಯಾಚು ಕೇಳುತ್ತಾರೆ. ಸಣ್ಣ ಕ್ಲಬ್ಬಿಗೆ ಸಿಗುವುದು ಭಾನುವಾರದ ಮೂಲೆ ಟೈಮು. 17 ಪಂದ್ಯ ಆಡಿಸಿ, ಎಲ್ಲರಿಗೂ ಒಂದೊಂದು ಸಲ, ಮುಂದಿನ ವರ್ಷ ಮೈದಾನ ಅದಲುಬದಲು. ಇದಕ್ಕಿಂತ ಸರಳ ದಾರಿ ನನಗಂತೂ ಕಾಣಲ್ಲ. ಆದಾಯ ಕಮ್ಮಿ ಆಗುತ್ತದೆ, ಆಗಲಿ.

2026ರಿಂದ ವೈಲ್ಡ್‌ಕಾರ್ಡ್ ಸುತ್ತು ಅಂತ ಬೇರೆ ತಂದಿದ್ದಾರೆ. ಮೊದಲು ಎಂಟು ತಂಡ ಫೈನಲ್ಸ್ (ಕಪ್ಪಿಗಾಗಿ ನಡೆಯುವ ಕೊನೇ ಹಂತದ ಪಂದ್ಯಗಳು) ಆಡುತ್ತಿದ್ದವು, ಈಗ 7ನೇ ತಂಡಕ್ಕೂ 10ನೇ ತಂಡಕ್ಕೂ, 8ಕ್ಕೂ 9ಕ್ಕೂ ಒಂದೊಂದು ಪಂದ್ಯ. ಇದರಿಂದ ಲಾಭ ಯಾರಿಗೆ ಗೊತ್ತಾ? ನಮಗೇ. 2025ರಲ್ಲಿ ಬುಲ್‌ಡಾಗ್ಸ್ 14 ಪಂದ್ಯ ಗೆದ್ದೂ 9ನೇ ಸ್ಥಾನಕ್ಕೆ ನಿಂತಿತು. ಫ್ರೀಮ್ಯಾಂಟಲ್ ವಿರುದ್ಧ ಕೊನೇ ಪಂದ್ಯ ಸೋತು ಹೊರಗೆ. ಬೊಂಟೆಂಪೆಲ್ಲಿ ಅಂಥ ಕ್ಯಾಪ್ಟನ್ ಇರುವ ತಂಡ ಸೆಪ್ಟೆಂಬರ್‌ನಲ್ಲಿ ಮನೆಯಲ್ಲಿ ಕೂರುವುದನ್ನು ನೋಡಿ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಆದರೂ ನಾನು ಈ ಸುತ್ತಿಗೆ ವಿರೋಧ. 2016ರಲ್ಲಿ ನಾವು 7ನೇ ಸ್ಥಾನದಿಂದ ಬಂದು ಗೆದ್ದಿದ್ದಕ್ಕೆ ಬೆಲೆ ಬಂದಿದ್ದು ಎಂಟರೊಳಗೆ ಬರುವುದೇ ಕಷ್ಟ ಆಗಿದ್ದರಿಂದ. ಹದಿನೆಂಟರಲ್ಲಿ ಹತ್ತು ತಂಡಕ್ಕೆ ಬಾಗಿಲು ತೆಗೆದರೆ 23 ಪಂದ್ಯ ಆಡಿಸುವುದಾದರೂ ಯಾಕೆ?

ಕಪ್ ತೀರ್ಮಾನಿಸುವ ಗ್ರ್ಯಾಂಡ್ ಫೈನಲ್ 2059ರವರೆಗೂ ಎಂಸಿಜಿಯಲ್ಲೇ ಅಂತ ಒಪ್ಪಂದ ಇದೆ. ನಾನು ಆ ಮೈದಾನದಲ್ಲಿ ಕೂತವನು, ಲಕ್ಷ ಜನರ ಕೂಗು ಕಾಲಿನ ಕೆಳಗೆ ನಡುಗುವುದು ಗೊತ್ತು. ಆದರೂ ವರ್ಷವಿಡೀ ಮೊದಲ ಸ್ಥಾನದಲ್ಲಿದ್ದ ಪರ್ತ್ ತಂಡ ಫೈನಲ್ ದಿನ ಎದುರಾಳಿಯ ಮನೆ ಅಂಗಳಕ್ಕೆ ಬರಬೇಕು ಅನ್ನುವುದು ನ್ಯಾಯ ಅಲ್ಲ. ಕೋವಿಡ್ ಸಮಯದಲ್ಲಿ 2020ರದ್ದು ಬ್ರಿಸ್ಬೇನಿನಲ್ಲಿ, 2021ರದ್ದು ಪರ್ತ್‌ನಲ್ಲಿ ನಡೆಯಿತು. ಪರ್ತ್‌ನಲ್ಲಿ ನಾವೇ 74 ಪಾಯಿಂಟ್‌ನಿಂದ ಸೋತಿದ್ದು, ಆದರೆ ಮೈದಾನದ ಬಗ್ಗೆ ದೂರು ಇಲ್ಲ.

ಒಂದು ವಿಷಯಕ್ಕೆ ಲೀಗ್‌ನವರನ್ನು ನಾನು ಸುಲಭಕ್ಕೆ ಕ್ಷಮಿಸಲಾರೆ. ಆ ನೆಲದ ಮೂಲನಿವಾಸಿ ಸಮುದಾಯದ ಆ್ಯಡಮ್ ಗುಡ್ಸ್, ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಬ್ರೌನ್‌ಲೋ ಮೆಡಲ್ ಎರಡು ಸಲ ಗೆದ್ದವರು. 2015ರಲ್ಲಿ ಚೆಂಡು ಮುಟ್ಟಿದಾಗಲೆಲ್ಲಾ ಸ್ಟೇಡಿಯಂ ಸ್ಟೇಡಿಯಂ ಅವರನ್ನು ಕೂಗಾಡಿ ಹೀಯಾಳಿಸಿತು. ಆ ವರ್ಷವೇ ಆಟ ಬಿಟ್ಟರು. ಲೀಗ್ ಮತ್ತು ಕ್ಲಬ್ಬುಗಳು ಕ್ಷಮೆ ಕೇಳಿದ್ದು 2019ರಲ್ಲಿ. ಬೇಕಾಗಿದ್ದು ಆವತ್ತು, ಅದೇ ವಾರ.

ಈಗ ಎಲ್ಲರ ಬಾಯಲ್ಲೂ ಟಾಸ್ಮೇನಿಯಾ. ಲೀಗ್ ಶುರುವಾಗುವುದಕ್ಕಿಂತ ಮೊದಲೇ ಆ ದ್ವೀಪದಲ್ಲಿ ಈ ಆಟ ಇತ್ತು. ಪೀಟರ್ ಹಡ್ಸನ್, ರಾಯ್ಸ್ ಹಾರ್ಟ್ ಅಂಥವರನ್ನು ಮೆಲ್ಬರ್ನ್‌ಗೆ ಕೊಟ್ಟ ನಾಡು. ಆದರೆ ಸ್ವಂತ ತಂಡಕ್ಕೆ ಲೈಸೆನ್ಸ್ ಸಿಕ್ಕಿದ್ದು 2023ರಲ್ಲಿ, ಅದೂ ಹೋಬಾರ್ಟ್‌ನಲ್ಲಿ 23,000 ಜನ ಹಿಡಿಸುವ, ಚಾವಣಿ ಇರುವ ಹೊಸ ಸ್ಟೇಡಿಯಂ ಕಟ್ಟಬೇಕು ಅನ್ನುವ ಷರತ್ತಿನ ಮೇಲೆ. ಅದರ ಖರ್ಚಿನ ಜಗಳಕ್ಕೆ ಆ ರಾಜ್ಯದ ರಾಜಕೀಯವೇ ಅಲ್ಲಾಡಿತು. ಗೋಲ್ಡ್ ಕೋಸ್ಟ್‌ನಲ್ಲಿ, ಪಶ್ಚಿಮ ಸಿಡ್ನಿಯಲ್ಲಿ ಕೇಳುವವರೇ ಕಮ್ಮಿ ಇದ್ದಾಗ ಲೀಗ್ ತಾನೇ ದುಡ್ಡು ಸುರಿದು ತಂಡ ಕಟ್ಟಿತು. ಗೋಲ್ಡ್ ಕೋಸ್ಟ್ 2011ರಲ್ಲಿ ಬಂದು ಮೊದಲ ಸಲ ಫೈನಲ್ಸ್ ಆಡಿದ್ದು 2025ರಲ್ಲಿ. ಅಷ್ಟು ತಾಳ್ಮೆ ಅವರ ಮೇಲೆ ತೋರಿಸಿದವರು, ತಲೆಮಾರುಗಳಿಂದ ಕೇಳುತ್ತಿರುವ ಟಾಸ್ಮೇನಿಯಾದವರಿಗೆ ಇರುವ ಮೈದಾನದಲ್ಲೇ ಶುರು ಮಾಡಿ ಅನ್ನಬಹುದಿತ್ತು.

ಹೆಸರು ಟಾಸ್ಮೇನಿಯಾ ಡೆವಿಲ್ಸ್ ಅಂತ 2024ರಲ್ಲಿ ಇಟ್ಟರು. ಹತ್ತು ಡಾಲರ್ ಕಟ್ಟಿದರೆ ಸ್ಥಾಪಕ ಸದಸ್ಯತ್ವ. ದ್ವೀಪದ ಜನಸಂಖ್ಯೆ ಆರು ಲಕ್ಷದೊಳಗೆ, ಸದಸ್ಯರು 2 ಲಕ್ಷ ದಾಟಿದರು. ಎಲ್ಲರೂ ಅಲ್ಲಿಯವರೇ ಅಲ್ಲ, ಹೊರಗಿನವರೂ ಕಟ್ಟಿದ್ದಾರೆ, ನಾನೂ ಕಟ್ಟಿದ್ದೇನೆ.

ಹೋದ ವಾರ ಊರಿಗೆ ಹೋದಾಗ ಇದನ್ನು ಅಪ್ಪನಿಗೆ ಹೇಳಿದೆ. ಸಂಜೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದರು. ಆಟಗಾರರಿಲ್ಲ, ಕೋಚಿಲ್ಲ, ಸ್ಟೇಡಿಯಂ ಇಲ್ಲ, ಜನ ಆಗಲೇ ದುಡ್ಡು ಕಟ್ಟಿದ್ದರು ಅಂದೆ.

"ಹಸುನೇ ಇಲ್ದೆ ಡೈರಿಗೆ ಶೇರು ಕಟ್ಟವ್ರಾ?"

"ಹೂಂ ಅಪ್ಪ."

ಕ್ಯಾನನ್ನು ಬೋರಲು ಹಾಕಿ, ಕೈ ಒರೆಸಿಕೊಂಡು ಸ್ವಲ್ಪ ಹೊತ್ತು ಸುಮ್ನೆ ನಿಂತರು.

"ಆಟ ಶುರು ಆಗೋದು ಯಾವಾಗ?"

"2028ಕ್ಕೆ ಅಂತೆ."

"ಮೊದಲ್ನೇ ಮ್ಯಾಚ್ ದಿನ ನನ್ನೂ ಕೂಗು. ಹಾಲು ಹಾಕಿ ಬಂದ್ಬಿಡ್ತೀನಿ."