ಯೋಗಿ ಕರಡಿಗೆ ಟೈ ಯಾಕೆ?

ಹಳೇ ಕಾರ್ಟೂನ್ ಮಾತು ಬಂದರೆ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: ಯೋಗಿ ಕರಡಿಗೆ ಅಂಗಿಯಿಲ್ಲ, ಪ್ಯಾಂಟಿಲ್ಲ, ಕಾಲರ್ ಮತ್ತು ಟೈ ಮಾತ್ರ ಯಾಕಿದೆ? ನನ್ನ ಉತ್ತರ ಒಂದೇ. ಅಲಂಕಾರಕ್ಕಲ್ಲ, ದುಡ್ಡಿರಲಿಲ್ಲ ಅದಕ್ಕೆ.

1957ರಲ್ಲಿ ಹಾಲಿವುಡ್ಡಿನ ಎಂಜಿಎಂ ಸಿನಿಮಾ ಕಂಪನಿ ತನ್ನ ಕಾರ್ಟೂನ್ ವಿಭಾಗವನ್ನು ಮುಚ್ಚಿತು. ಹಳೇ ಚಿತ್ರಗಳನ್ನೇ ಮತ್ತೆ ಥಿಯೇಟರಿಗೆ ಬಿಟ್ಟರೂ ಹೆಚ್ಚುಕಡಿಮೆ ಹೊಸದರಷ್ಟೇ ಹಣ ಬರುತ್ತಿತ್ತು, ಹೊಸದು ಯಾಕೆ ಮಾಡಬೇಕು ಅನ್ನೋದು ಅವರ ಲೆಕ್ಕ. ಏಳು ಆಸ್ಕರ್ ಗೆದ್ದ ಟಾಮ್ ಅಂಡ್ ಜೆರ್ರಿಯನ್ನು ಹುಟ್ಟಿಸಿದ ವಿಲಿಯಂ ಹ್ಯಾನಾ, ಜೋಸೆಫ್ ಬಾರ್ಬೆರಾ ಕೆಲಸ ಕಳೆದುಕೊಂಡರು. ಅದೇ ವರ್ಷ ಸ್ವಂತ ಸ್ಟುಡಿಯೊ ತೆರೆದರು, ಯೋಗಿ ಹುಟ್ಟಿದ್ದು ಅಲ್ಲೇ. ಯಾರ ಹೆಸರು ಮೊದಲಿರಬೇಕು ಅಂತ ನಾಣ್ಯ ಚಿಮ್ಮಿದರು. ಹ್ಯಾನಾ ಗೆದ್ದರು.

ಟಾಮ್ ಅಂಡ್ ಜೆರ್ರಿಯ ಏಳು ನಿಮಿಷಕ್ಕೆ ಸುಮಾರು 40,000 ಡಾಲರ್ ಖರ್ಚಾಗುತ್ತಿತ್ತು. ಟಿವಿಗೆ ಮಾಡಿದ ಮೊದಲ ಕಾರ್ಟೂನಿಗೆ ಸಿಕ್ಕಿದ್ದು ಐದು ನಿಮಿಷಕ್ಕೆ 3,000 ಡಾಲರಿನ ಆಸುಪಾಸು.

ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಎರಡು ಫ್ರೇಮಿಗೆ ಒಂದು ಚಿತ್ರ ಅಂದರೂ ಏಳು ನಿಮಿಷಕ್ಕೆ 5,000 ದಾಟುತ್ತದೆ, ಅದೂ ಒಂದೇ ಪಾತ್ರಕ್ಕೆ. ಅಷ್ಟೆಲ್ಲ ಬರೆಯುವ ಹಾಗಿರಲಿಲ್ಲ. ಹಾಗಾಗಿ ಯೋಗಿಯ ಮೈಯನ್ನು ಒಂದು ಪಾರದರ್ಶಕ ಹಾಳೆಯ ಮೇಲೆ ಒಂದೇ ಸಲ ಬರೆದರು. ತಲೆ ಇನ್ನೊಂದು ಹಾಳೆಯಲ್ಲಿ, ಬಾಯಿ ಮತ್ತೊಂದರಲ್ಲಿ. ಅವನು ಮಾತಾಡುವಾಗ ಮೇಲಿನ ಹಾಳೆಗಳನ್ನಷ್ಟೇ ಬದಲಿಸಿದರೆ ಸಾಕು, ಮೈ ಹಾಗೇ ಇರುತ್ತದೆ. ತಲೆ ಮೈಗೆ ಸೇರುವ ಗೆರೆ ಕಾಣಬಾರದಲ್ವಾ? ಆ ಗೆರೆಯ ಮೇಲೆ ಕಾಲರ್ ಕೂತಿತು. ಕಲ್ಲಿನ ಯುಗದ ಫ್ರೆಡ್ ಫ್ಲಿಂಟ್‌ಸ್ಟೋನಿಗೂ ಟೈ ಬಂದದ್ದು ಹೀಗೇ.

ಓಡುವಾಗ ಹಿಂದೆ ಅದೇ ಮರ, ಅದೇ ಕಿಟಕಿ ಮತ್ತೆ ಮತ್ತೆ ಬರುತ್ತದೆ. ಬೀಳುವುದನ್ನು ಬರೆಯುವುದು ದುಬಾರಿ. ಅದಕ್ಕೆ ಪಾತ್ರ ಪರದೆಯಾಚೆ ಹೋಗುತ್ತದೆ, ಢಮಾರ್ ಅಂತ ಸದ್ದು ಬರುತ್ತದೆ, ಕ್ಯಾಮೆರಾ ಅಲುಗಾಡುತ್ತದೆ. ಬಿದ್ದದ್ದನ್ನು ನಾವೇ ಊಹಿಸಿಕೊಂಡು ನಗುತ್ತೇವೆ!

ಕಡಿಮೆ ಚಿತ್ರದಲ್ಲಿ ಕೆಲಸ ಮುಗಿಸುವುದನ್ನು ಇವರೇ ಕಂಡುಹಿಡಿದರು ಅನ್ನುವವರಿದ್ದಾರೆ. ಅದು ತಪ್ಪು. 1950ರಲ್ಲೇ ಕ್ರುಸೇಡರ್ ರ್‍ಯಾಬಿಟ್ ಅನ್ನೋ ಬೇರೆಯವರ ಕಾರ್ಟೂನ್ ಟಿವಿಗೆ ಹೀಗೇ ಬಂದಿತ್ತು. ಇವರ ಹೆಚ್ಚುಗಾರಿಕೆ ಕಂಠದಲ್ಲಿತ್ತು. ಚಿತ್ರ ಅಲ್ಲಾಡದಿದ್ದರೆ ಮಾತು ಅಲ್ಲಾಡಬೇಕು. ಡಾಸ್ ಬಟ್ಲರ್, ಡಾನ್ ಮೆಸಿಕ್ ಇಬ್ಬರೇ ಪಾತ್ರಗಳ ದೊಡ್ಡ ಪಾಲನ್ನು ಹೊತ್ತರು. ಯೋಗಿಗೆ ದನಿ ಕೊಟ್ಟದ್ದು ಬಟ್ಲರ್, ಅವನ ಪುಟ್ಟ ಗೆಳೆಯ ಬೂಬೂಗೆ ಮೆಸಿಕ್. ಆನಿಮೇಶನ್ ದಿಗ್ಗಜ ಚಕ್ ಜೋನ್ಸ್ ಇಂಥ ಟಿವಿ ಕಾರ್ಟೂನುಗಳನ್ನು ಚಿತ್ರವಿರುವ ರೇಡಿಯೊ ಅಂತ ಹಂಗಿಸಿದರು. ಹಂಗಿಸಿದ್ದು ನಿಜ, ಆದರೆ ಒಳ್ಳೇ ರೇಡಿಯೊ ಕೇಳಲು ಏನು ಕಷ್ಟ? 1958ರಲ್ಲಿ ಶುರುವಾದ ಹಕಲ್‌ಬೆರಿ ಹೌಂಡ್ ಕಾರ್ಯಕ್ರಮಕ್ಕೆ 1960ರಲ್ಲಿ ಟಿವಿ ಲೋಕದ ಎಮ್ಮಿ ಪ್ರಶಸ್ತಿ ಬಂತು. ಯೋಗಿ ಮೊದಲು ಕಾಣಿಸಿಕೊಂಡದ್ದು ಅದರಲ್ಲೇ. 1960ರಲ್ಲೇ ಫ್ಲಿಂಟ್‌ಸ್ಟೋನ್ಸ್ ರಾತ್ರಿ ಹೊತ್ತು ದೊಡ್ಡವರನ್ನೂ ಟಿವಿ ಮುಂದೆ ಕೂರಿಸಿತು.

ಎಪ್ಪತ್ತರ ದಶಕದ ಕೆಲಸ ಮಾತ್ರ ನನಗೆ ಸೇರುವುದಿಲ್ಲ. 1969ರಲ್ಲಿ ಸ್ಕೂಬಿ-ಡೂ ಗೆದ್ದಿದ್ದೇ ತಡ, ಒಗಟು ಬಿಡಿಸುವ ಹುಡುಗರು, ಜೊತೆಗೊಂದು ವಿಚಿತ್ರ ಪ್ರಾಣಿ, ಇದೇ ಅಚ್ಚಿನಲ್ಲಿ ಒಂದರ ಹಿಂದೆ ಒಂದು ಬಂದವು. ಆ ಹೊತ್ತಿಗೆ ಸ್ಟುಡಿಯೊ ಬಡವಾಗಿರಲಿಲ್ಲ, ಉಳಿತಾಯದ ಚಾಳಿ ಮಾತ್ರ ಉಳಿದಿತ್ತು.